ಎಕ್ಸ್ ಹೊಡೆದು ಹಾಕುವ ಮುನ್ನ

ಪ್ರಶ್ನೆ: ಎಕ್ಸ್² + ವೈ² = 1 ವೃತ್ತದ ಮೇಲೆ ಎಕ್ಸ್² + 2ವೈ² ಇದರ ಗರಿಷ್ಠ ಬೆಲೆ ಬೇಕಿತ್ತು. ಲಾಗ್ರಾಂಜ್ ವಿಧಾನದಲ್ಲಿ (ಫಲನದ ವ್ಯುತ್ಪನ್ನಗಳು ನಿರ್ಬಂಧದ, ಅಂದರೆ ಇಲ್ಲಿ ವೃತ್ತದ ಸಮೀಕರಣದ, ವ್ಯುತ್ಪನ್ನಗಳ ಲ್ಯಾಮ್ಡಾ ಪಟ್ಟು ಎಂದು ಬರೆಯುವುದು) ಒಂದು ಸಮೀಕರಣದಿಂದ ಲ್ಯಾಮ್ಡಾ 1, ಇನ್ನೊಂದರಿಂದ 2 ಬಂತು. ಎರಡೂ ಕೂಡುವುದಿಲ್ಲವಲ್ಲ, ಹಾಗಾಗಿ ಗರಿಷ್ಠವೇ ಇಲ್ಲ ಎಂದು ಬರೆದೆ. ಸರಿಯೇ?

ಉತ್ತರ: ತಪ್ಪು. ಲೆಕ್ಕ ಬೇರೆ ಬೇರೆ ಬರುತ್ತವೆ, ಈ ತಪ್ಪು ಮಾತ್ರ ಹಾಗೇ ಬರುತ್ತದೆ. ನಿಮ್ಮ ಮೊದಲ ಸಮೀಕರಣ 2ಎಕ್ಸ್ = 2ಲ್ಯಾಮ್ಡಾ·ಎಕ್ಸ್. ಎರಡೂ ಕಡೆಯ ಎಕ್ಸ್ ಹೊಡೆದು ಹಾಕಿದಿರಿ. ಎಕ್ಸ್ ಸೊನ್ನೆಯಾಗಿದ್ದರೆ? ಆ ಗೆರೆ ಎಳೆದಾಗಲೇ ನಿಮಗೆ ಬೇಕಿದ್ದ ಉತ್ತರವೂ ಹೋಯಿತು. ಎಲ್ಲವನ್ನೂ ಒಂದೇ ಕಡೆ ತನ್ನಿ: ಎಕ್ಸ್(1 − ಲ್ಯಾಮ್ಡಾ) = 0. ಎಕ್ಸ್ ಸೊನ್ನೆಯಾದರೆ ವೈ 1 ಅಥವಾ −1, ಲ್ಯಾಮ್ಡಾ 2, ಬೆಲೆ 2. ಲ್ಯಾಮ್ಡಾ 1 ಆದರೆ 4ವೈ = 2ಲ್ಯಾಮ್ಡಾ·ವೈ ಎಂಬ ಎರಡನೆಯ ಸಮೀಕರಣದಿಂದ ವೈ ಸೊನ್ನೆ, ಬೆಲೆ 1. ಗರಿಷ್ಠ 2, ಕನಿಷ್ಠ 1. ಎರಡು ಲ್ಯಾಮ್ಡಾ ಜಗಳವಾಡುತ್ತಿರಲಿಲ್ಲ, ಬೇರೆ ಬೇರೆ ಬಿಂದುಗಳಿಗೆ ಸೇರಿದ್ದವು.

ನನಗೆ ಸಿಟ್ಟು ಬರುವುದು ಕ್ಯಾನ್ಸಲ್ ಮಾಡಿದ್ದಕ್ಕಲ್ಲ, 'ಇಲ್ಲ' ಎಂದು ಧೈರ್ಯವಾಗಿ ಬರೆದಿದ್ದಕ್ಕೆ. ವೃತ್ತ ಪರಿಮಿತ, ಸಂವೃತ (ಅಂಚಿನ ಬಿಂದುಗಳೆಲ್ಲ ಅದರಲ್ಲೇ ಇವೆ), ಫಲನ ಅವಿಚ್ಛಿನ್ನ (ಎಲ್ಲೂ ಜಿಗಿಯುವುದಿಲ್ಲ). ಗರಿಷ್ಠ, ಕನಿಷ್ಠ ಎರಡೂ ಇರಲೇಬೇಕು. ಇಷ್ಟನ್ನು ಪೆನ್ನು ಹಿಡಿಯುವ ಮೊದಲೇ ನೋಡಬೇಕಿತ್ತು. ಇನ್ನೂ ಒಂದು ಕ್ಷಣ ನೋಡಿದ್ದರೆ, ವೃತ್ತದ ಮೇಲೆ ಈ ಫಲನ ಬರೀ 1 + ವೈ² ಎಂಬುದೂ ಕಾಣುತ್ತಿತ್ತು. ಲಾಗ್ರಾಂಜ್ ಗೊಡವೆಯೇ ಬೇಕಿರಲಿಲ್ಲ. 'ಐದು ನಿಮಿಷದಲ್ಲಿ ಲಾಗ್ರಾಂಜ್' ಎನ್ನುವ ಶಾರ್ಟ್‌ಕಟ್ ವೀಡಿಯೊಗಳು ಕೈಗೆ ಕೆಲಸ ಕಲಿಸುತ್ತವೆ, ಕಣ್ಣಿಗೆ ಕಲಿಸುವುದಿಲ್ಲ.

ಲ್ಯಾಮ್ಡಾವನ್ನು ಕೊನೆಗೆ ಕಸದಂತೆ ಎಸೆಯಬೇಡಿ. ನಿರ್ಬಂಧದ 1 ಅನ್ನು 1.1 ಮಾಡಿದರೆ ಗರಿಷ್ಠ 2.2 ಆಗುತ್ತದೆ. ಏರಿಕೆಯ ಆ ದರವೇ ನಿಮ್ಮ ಲ್ಯಾಮ್ಡಾ 2. ಇನ್ನು ವೃತ್ತದ ಒಳಭಾಗವನ್ನೂ ಸೇರಿಸಿ ಕೇಳಿದರೆ ಒಳಗೂ ಹುಡುಕಬೇಕು: ಮೂಲಬಿಂದುವಿನಲ್ಲಿ ಬೆಲೆ 0, ಕನಿಷ್ಠ ಅಲ್ಲಿಗೆ ಹೋಗುತ್ತದೆ.

ಪ್ರಶ್ನೆ: ಮೂಲಬಿಂದುವಿನಲ್ಲಿ ಕನಿಷ್ಠ ಇದೆ ಎನ್ನಲು ಎರಡೂ ಅಕ್ಷಗಳ ಮೇಲೆ ನಡೆದಾಗ ಅಲ್ಲಿ ಕನಿಷ್ಠ ಬಂದರೆ ಸಾಕಲ್ಲವೇ?

ಉತ್ತರ: ಸಾಲದು. ಎಕ್ಸ್² + ವೈ² − 3ಎಕ್ಸ್·ವೈ ತೆಗೆದುಕೊಂಡು ಎಕ್ಸ್ = ವೈ ರೇಖೆಯ ಮೇಲೆ ನಡೆದು ನೋಡಿ.

ಪ್ರಶ್ನೆ: ಎರಡನೇ ವ್ಯುತ್ಪನ್ನ ಪರೀಕ್ಷೆಯಲ್ಲಿ ಡಿಸ್ಕ್ರಿಮಿನಂಟ್ (ಎರಡನೇ ವ್ಯುತ್ಪನ್ನಗಳಿಂದ ಲೆಕ್ಕ ಹಾಕುವ ಸಂಖ್ಯೆ) ಸೊನ್ನೆ ಬಂದರೆ ಸ್ಯಾಡಲ್ ಪಾಯಿಂಟ್ (ಒಂದು ದಿಕ್ಕಿನಲ್ಲಿ ಏರಿ, ಇನ್ನೊಂದರಲ್ಲಿ ಇಳಿಯುವ ಬಿಂದು) ಎಂದು ಬರೆಯಬಹುದೇ?

ಉತ್ತರ: ಯಾರು ಹೇಳಿಕೊಟ್ಟರೋ! ಮೂಲಬಿಂದುವಿನಲ್ಲಿ ಎಕ್ಸ್⁴ + ವೈ⁴ಗೂ ಸೊನ್ನೆಯೇ ಬರುತ್ತದೆ, ಅಲ್ಲಿರುವುದು ಕನಿಷ್ಠ. ಸೊನ್ನೆ ಬಂತೆಂದರೆ ಪರೀಕ್ಷೆ ಕೈಚೆಲ್ಲಿತು, ಅಷ್ಟೇ.