ಸೊಂಟಕ್ಕೆ ಕರೆಂಟ್ ಇಡುವ ಮೊದಲು ಅಪ್ಪನ ಕಾರ್ಡ್ ತೆಗೆದು ನೋಡಿ

ಚರ್ಮದ ಮೇಲೆ ಪ್ಯಾಡ್ ಅಂಟಿಸಿ, ಸಣ್ಣ ಕರೆಂಟ್ ಕೊಟ್ಟು ನೋವು ಕಡಿಮೆ ಮಾಡುವ ಟೆನ್ಸ್ ಮೆಷಿನ್ ಬಗ್ಗೆ ಈ ತಿಂಗಳೂ ಅವೇ ಪ್ರಶ್ನೆಗಳು ಬಂದಿವೆ. ನಾನು ಫಿಸಿಯೋಥೆರಪಿಸ್ಟ್. ಹೃದಯದ ತೊಂದರೆ ಇರುವವರ ಜೊತೆಗೇ ನನ್ನ ಕೆಲಸ ಜಾಸ್ತಿ. ಮೆಷಿನ್ ಹೇಗೆ ಆನ್ ಮಾಡಬೇಕು, ಪ್ಯಾಡ್ ಹೇಗೆ ತೊಳೆಯಬೇಕು ಅಂತ ಇಲ್ಲಿ ಬರೆಯುವುದಿಲ್ಲ. ಅದೆಲ್ಲ ಡಬ್ಬಿಯ ಜೊತೆ ಬರುವ ಪುಸ್ತಕದಲ್ಲಿದೆ. ಪೇಸ್‌ಮೇಕರ್ ಇರುವವರಿಗೆ ಎಚ್ಚರಿಕೆಯೂ ಅದೇ ಪುಸ್ತಕದಲ್ಲಿದೆ. ಅದನ್ನು ಓದಿದ ಮೇಲೂ ನನಗೆ ಬರೆಯುತ್ತೀರಿ. ಹಾಗಾಗಿ ಈ ಸಲ ಪೂರ್ತಿ ಹೇಳಿಬಿಡುತ್ತೇನೆ.

ಪ್ರಶ್ನೆ: ನಮ್ಮ ತಂದೆಗೆ 71 ವರ್ಷ. ಮೂರು ವರ್ಷದ ಹಿಂದೆ ಪೇಸ್‌ಮೇಕರ್ ಹಾಕಿದ್ದಾರೆ. ಸೊಂಟ ನೋವಿಗೆ ಅಂತ ಆನ್‌ಲೈನ್‌ನಲ್ಲಿ ಟೆನ್ಸ್ ತರಿಸಿದ್ದೇನೆ. ಬ್ಯಾಟರಿಯಲ್ಲಿ ನಡೆಯುವ ಪುಟ್ಟ ಮೆಷಿನ್. ಸೊಂಟ ಎಲ್ಲಿ, ಎದೆ ಎಲ್ಲಿ? ಹಾಕಬಹುದಲ್ವಾ ಮೇಡಂ?

ಉತ್ತರ: ಬೇಡ. ಮೆಷಿನ್ ಎತ್ತಿಡಿ. ಆಪರೇಷನ್ ಆದಾಗ ಆಸ್ಪತ್ರೆಯವರು ಜೇಬಿನಲ್ಲಿಟ್ಟುಕೊಳ್ಳಿ ಅಂತ ಒಂದು ಕಾರ್ಡ್ ಕೊಟ್ಟಿರುತ್ತಾರೆ, ಅದನ್ನು ಹುಡುಕಿ. ಎಷ್ಟೋ ಮನೆಗಳಲ್ಲಿ ಎದೆಯೊಳಗೆ ಏನೇ ಕೂರಿಸಿದ್ದರೂ ‘ಪೇಸ್‌ಮೇಕರ್’ ಅಂತಲೇ ಕರೆಯುತ್ತಾರೆ. ಕಾರ್ಡ್ ನೋಡಿದರೆ ಕೆಲವೊಮ್ಮೆ ಅದು ಐಸಿಡಿ ಅನ್ನುವ ಬೇರೆ ಸಾಧನ ಆಗಿರುತ್ತದೆ. ಪೇಸ್‌ಮೇಕರ್ ನಿಧಾನವಾದ ಹೃದಯವನ್ನು ಮಿಡಿಸುತ್ತದೆ. ಐಸಿಡಿ ಅಷ್ಟಕ್ಕೇ ನಿಲ್ಲುವುದಿಲ್ಲ. ಹೃದಯ ಅಪಾಯದ ವೇಗಕ್ಕೆ ಹೋದರೆ ಒಳಗಿನಿಂದಲೇ ಷಾಕ್ ಕೊಡುತ್ತದೆ. ನಿಮ್ಮ ತಂದೆಗೆ ಯಾವುದಿದೆ ಅಂತ ನೀವು ಬರೆದೇ ಇಲ್ಲ.

ಟೆನ್ಸ್‌ನ ಕರೆಂಟ್ ನೇರವಾಗಿ ಹೃದಯವನ್ನು ನಿಲ್ಲಿಸುತ್ತದೆ ಅನ್ನೋದು ಸುಮ್ನೆ ಹುಟ್ಟಿದ ಭಯ. ಅದರ ಒಂದೊಂದು ಮಿಡಿತವೂ ಸುಮಾರು 50ರಿಂದ 250 ಮೈಕ್ರೋಸೆಕೆಂಡ್ ಮಾತ್ರ. ನರಕ್ಕೆ ಅಷ್ಟು ಸಾಕು, ಜುಮ್ ಅನ್ನುತ್ತದೆ. ಹೃದಯದ ಸ್ನಾಯು ಎಚ್ಚೆತ್ತುಕೊಳ್ಳಲು ಅದಕ್ಕಿಂತ ಎಷ್ಟೋ ಉದ್ದದ ಮಿಡಿತ ಬೇಕು. ಹೃದಯ ಗಟ್ಟಿಯಾಗಿರುವವರು ಸೊಂಟಕ್ಕೆ ಟೆನ್ಸ್ ಹಾಕಿಕೊಂಡರೆ ಹೃದಯಕ್ಕೆ ಅದರ ಸುದ್ದಿಯೇ ಮುಟ್ಟುವುದಿಲ್ಲ.

ನಿಮ್ಮ ತಂದೆಯ ವಿಷಯ ಬೇರೆ. ಪೇಸ್‌ಮೇಕರ್ ಹಗಲೂ ರಾತ್ರಿ ಹೃದಯಕ್ಕೆ ಕಿವಿಗೊಟ್ಟು ಕೂತಿರುತ್ತದೆ. ಹೃದಯ ತಾನಾಗಿ ಮಿಡಿದರೆ ಅದು ಸುಮ್ಮನಿರುತ್ತದೆ, ಮಿಡಿಯದಿದ್ದರೆ ತಾನೇ ಮಿಡಿಸುತ್ತದೆ. ಅದು ಕೇಳಿಸಿಕೊಳ್ಳುವುದು ಕೆಲವೇ ಮಿಲಿವೋಲ್ಟ್‌ಗಳ ಸದ್ದನ್ನು. ಟೆನ್ಸ್‌ನ ಮಿಡಿತ ಮೈಯೊಳಗೆ ಹರಡಿ ಅದರ ಕಿವಿಗೆ ಬಿದ್ದರೆ, ‘ಹೃದಯ ಚೆನ್ನಾಗಿ ಮಿಡಿಯುತ್ತಿದೆ’ ಅಂದುಕೊಂಡು ಸುಮ್ಮನಾಗಬಹುದು. ಪೂರ್ತಿ ಪೇಸ್‌ಮೇಕರ್ ಮೇಲೆಯೇ ನಿಂತಿರುವ ಹೃದಯವಾದರೆ, ಅಷ್ಟು ಹೊತ್ತಿಗೇ ಕಣ್ಣು ಕತ್ತಲೆ ಬಂದು ಮನುಷ್ಯ ಬೀಳುತ್ತಾನೆ. ಈಗಿನ ಪೇಸ್‌ಮೇಕರ್‌ಗಳಲ್ಲಿ ಇಂಥ ಗದ್ದಲ ಸೋಸುವ ಏರ್ಪಾಡು ಚೆನ್ನಾಗಿದೆ, ಹೆಚ್ಚಿನವರಿಗೆ ಏನೂ ಆಗದೇ ಇರಬಹುದು. ಆದರೆ ‘ಹೆಚ್ಚಿನವರ’ ಗುಂಪಿನಲ್ಲಿ ನಿಮ್ಮ ತಂದೆ ಇದ್ದಾರಾ ಅಂತ ಮನೆಯಲ್ಲಿ ಕೂತು ಹೇಳಲು ಬರುವುದಿಲ್ಲ.

ಐಸಿಡಿ ಆದರೆ ಇನ್ನೂ ಕಷ್ಟ. ಟೆನ್ಸ್ ಸೆಕೆಂಡಿಗೆ 100 ಸಲ ಮಿಡಿದರೆ ನಿಮಿಷಕ್ಕೆ 6000 ಆಯಿತು. ಅದನ್ನು ಐಸಿಡಿ ಹೃದಯದ ಮಿಡಿತ ಅಂದುಕೊಂಡರೆ, ಎಚ್ಚರವಾಗಿ ಕೂತ ಮನುಷ್ಯನ ಎದೆಗೆ ಷಾಕ್ ಹೊಡೆಯುತ್ತದೆ. ಹೀಗೆ ಆಗಿರುವುದು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿದೆ. ಪ್ಯಾಡ್ ದೂರ ಇಟ್ಟರೆ ಅಪಾಯ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ.

ವರ್ಷಗಳ ಹಿಂದೆ ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ಭುಜಕ್ಕೆ ಟೆನ್ಸ್ ಹಾಕಿಕೊಂಡಿದ್ದ ಒಬ್ಬರು ಅದನ್ನು ಮರೆತು ಶರ್ಟಿನೊಳಗೇ ಇಟ್ಟುಕೊಂಡು ಇಸಿಜಿಗೆ ಮಲಗಿದ್ದರು. ಕಾಗದದ ಮೇಲೆ ಗೆರೆ ಗರಗಸದ ಹಲ್ಲಿನ ಹಾಗೆ ಒತ್ತೊತ್ತಾಗಿ ಬರತೊಡಗಿತು. ನರ್ಸ್ ಹುಡುಗಿಯ ಕೈ ನಡುಗಿತು, ಡಾಕ್ಟರನ್ನು ಕೂಗುತ್ತಾ ಓಡಿದಳು. ಮಲಗಿದ್ದವರು ‘ಯಾಕಮ್ಮಾ, ಏನಾಯ್ತು?’ ಅಂತ ಕೇಳುತ್ತಿದ್ದರು. ನಾನು ಶರ್ಟ್ ಸರಿಸಿ ಮೆಷಿನ್ ಆಫ್ ಮಾಡಿದೆ. ಗೆರೆ ತಕ್ಷಣ ಸರಿಯಾಯಿತು. ನಮಗೆ ಅವರ ಮುಖ ಕಾಣುತ್ತಿತ್ತು, ಮಾತು ಕೇಳುತ್ತಿತ್ತು. ಎದೆಯೊಳಗೆ ಐಸಿಡಿ ಇದ್ದರೆ ಅದಕ್ಕೆ ಕಾಣುವುದು ಅಂಥ ಗೆರೆ ಒಂದೇ. ಅವತ್ತಿನಿಂದ ಈ ವಿಷಯದಲ್ಲಿ ನಾನು ಯಾರ ಮುಲಾಜಿಗೂ ಬೀಳುವುದಿಲ್ಲ.

ಟೆನ್ಸ್ ಬೇಕೇ ಬೇಕು ಅಂತಾದರೆ ಪೇಸ್‌ಮೇಕರ್ ತಪಾಸಣೆಯ ದಿನ ಮೆಷಿನ್ ಜೊತೆಗೆ ಒಯ್ಯಿರಿ. ಹೃದಯ ಎಷ್ಟರ ಮಟ್ಟಿಗೆ ಪೇಸ್‌ಮೇಕರ್ ಮೇಲೆ ನಿಂತಿದೆ ಅಂತ ಕಾರ್ಡಿಯಾಲಜಿಸ್ಟ್ ನೋಡುತ್ತಾರೆ. ಪ್ಯಾಡ್‌ಗಳನ್ನು ಹತ್ತಿರ ಹತ್ತಿರ ಅಂಟಿಸಿ, ಇಸಿಜಿ ಓಡುತ್ತಿರುವಾಗಲೇ ಆನ್ ಮಾಡಿ ಪರೀಕ್ಷಿಸಬಹುದು. ಅವರು ಒಪ್ಪಿದರೆ ಒಪ್ಪಲಿ. ಐಸಿಡಿ ಇರುವವರಿಗೆ ಮಾತ್ರ ನನ್ನ ಕೈಯಿಂದ ನಾನು ಹಾಕುವುದಿಲ್ಲ. ಸೊಂಟ ನೋವಿಗೆ ವ್ಯಾಯಾಮವಿದೆ, ಬಿಸಿನೀರಿನ ಶಾಖವಿದೆ. ಇನ್ನೊಂದು ಮಾತು: ಯಾವುದೇ ಕ್ಲಿನಿಕ್‌ನಲ್ಲಿ ‘ಕರೆಂಟ್ ಇಡ್ತೀವಿ’ ಅಂದರೆ ಮೊದಲು ಪೇಸ್‌ಮೇಕರ್ ವಿಷಯ ಹೇಳಿ. ಅಲ್ಲಿ ವಿದ್ಯುತ್ ಅಲೆಗಳಿಂದ ಮೈಯೊಳಗೆ ಆಳಕ್ಕೆ ಶಾಖ ಕೊಡುವ ಡಯಾಥರ್ಮಿ ಮೆಷಿನ್ನೂ ಇರುತ್ತದೆ. ಅದು ಪೇಸ್‌ಮೇಕರ್‌ನ ವೈರಿನ ತುದಿಯನ್ನು ಹೃದಯದೊಳಗೇ ಕಾಯಿಸಬಹುದು. ಅದರ ಹತ್ತಿರವೂ ಹೋಗಬಾರದು.

ಪ್ರಶ್ನೆ: ಹದಿನೈದು ದಿನದಿಂದ ನಡೆದರೆ ಎದೆ, ಎಡಭುಜ ಹಿಡಿದುಕೊಳ್ಳುತ್ತದೆ. ಗ್ಯಾಸ್ ಇರಬಹುದು ಅಂತ ಟೆನ್ಸ್ ಹಾಕಿಕೊಂಡೆ, ಕಡಿಮೆಯಾಯಿತು. ಮುಂದುವರಿಸಲಾ?

ಉತ್ತರ: ಇದನ್ನು ಓದಿ ನನಗೆ ಸಿಟ್ಟೂ ಬಂತು, ಸಂಕಟವೂ ಆಯಿತು. ನಡೆದಾಗ ಬಂದು ನಿಂತಾಗ ಹೋಗುವ ನೋವು ಗ್ಯಾಸ್ ಅಂತ ನಿಮಗೆ ಹೇಳಿದವರು ಯಾರು? ಇವತ್ತೇ ಡಾಕ್ಟರ ಹತ್ತಿರ ಹೋಗಿ ಇಸಿಜಿ ಮಾಡಿಸಿ. ಕೂತಾಗಲೂ ನೋವು ಬಂದರೆ, ಬೆವರಿದರೆ, 108ಕ್ಕೆ ಫೋನ್ ಮಾಡಿ. ಬೆನ್ನುಹುರಿಯಲ್ಲಿ ನೋವಿಗೆ ಒಂದು ಬಾಗಿಲಿದೆ, ಅದನ್ನು ಮುಚ್ಚಬಹುದು ಅಂತ 1965ರಲ್ಲಿ ಮೆಲ್ಝಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು ಹೇಳಿದರು. ಟೆನ್ಸ್ ನಡೆಯುವುದು ಅದೇ ತತ್ವದ ಮೇಲೆ. ನೀವು ಬಾಗಿಲು ಮುಚ್ಚಿದ್ದೀರಿ, ಬ್ಲಾಕ್ ಇದ್ದರೆ ಒಳಗೆ ಹಾಗೇ ಇದೆ.

1980ರ ದಶಕದಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಎದೆನೋವಿಗೇ ಟೆನ್ಸ್ ಕೊಟ್ಟು ನೋಡಿದ್ದು ನಿಜ. ಕೆಲವರಿಗೆ ನೋವೂ ಇಳಿಯಿತು, ಹೃದಯದ ಹೊರೆಯೂ ಇಳಿದ ಹಾಗೆ ಕಂಡಿತು. ಅವರೆಲ್ಲ ಕಾಯಿಲೆ ಏನು ಅಂತ ಮೊದಲೇ ಖಚಿತವಾಗಿ, ಡಾಕ್ಟರ ಕಣ್ಣೆದುರು ಇದ್ದ ರೋಗಿಗಳು. ಮನೆಯಲ್ಲಿ ಎದೆಗೊಂದು, ಬೆನ್ನಿಗೊಂದು ಪ್ಯಾಡ್ ಹಾಕಿ ಹೃದಯದ ಮೂಲಕ ಕರೆಂಟ್ ಹಾಯಿಸಲು ಅದು ಅನುಮತಿಯಲ್ಲ.

ಪ್ರಶ್ನೆ: ನಮ್ಮೂರ ಕಲ್ಯಾಣ ಮಂಟಪದಲ್ಲಿ ಉಚಿತ ಶಿಬಿರ. ಪಾದಕ್ಕೆ ಕರೆಂಟ್ ಕೊಟ್ಟರೆ ಹೃದಯದ ಬ್ಲಾಕ್ ಕರಗುತ್ತದಂತೆ, ನಿಜವಾ?

ಉತ್ತರ: ಶುದ್ಧ ಸುಳ್ಳು, ಹಣ ಕೊಡಬೇಡಿ, ಡಾಕ್ಟರ್ ಬರೆದ ಮಾತ್ರೆ ನಿಲ್ಲಿಸಬೇಡಿ.

ಪ್ರಶ್ನೆ: ಬಿಪಿ ಇಳಿಯಲು ಕುತ್ತಿಗೆಗೆ ಪ್ಯಾಡ್ ಹಾಕುವ ವಿಡಿಯೋ ನೋಡಿದೆ. ಮಾಡಬಹುದಾ?

ಉತ್ತರ: ಕುತ್ತಿಗೆಯ ಮುಂಭಾಗಕ್ಕೆ ಯಾರೂ ಹಾಕಬಾರದು. ದವಡೆಯ ಕೆಳಗೆ ನಾಡಿ ಸಿಗುವ ಜಾಗ ಕೆರಳಿದರೆ ಬಿಪಿ, ನಾಡಿ ಎರಡೂ ಒಮ್ಮೆಲೇ ಕುಸಿಯಬಹುದು. ಗಂಟಲೂ ಬಿಗಿದುಕೊಳ್ಳಬಹುದು.

ಪ್ರಶ್ನೆ: ನನಗೆ ಹೃದಯದ ತೊಂದರೆ ಇಲ್ಲ. ಮಂಡಿಗೆ ದಿನಾ ಅರ್ಧ ಗಂಟೆ ಹಾಕಿಕೊಂಡರೆ ಹೃದಯ ವೀಕ್ ಆಗುತ್ತಾ?

ಉತ್ತರ: ಆಗುವುದಿಲ್ಲ.