ಹಳ್ಳಿಯ ಶಾಲೆಯಲ್ಲಿ ಉಚಿತ ಕಣ್ಣಿನ ಪೊರೆ ಆಪರೇಷನ್ ಶಿಬಿರ ಮಾಡಲು ಏನೇನು ಬೇಕು, ಎಷ್ಟು ಖರ್ಚಾಗುತ್ತದೆ?

ಶಾಲೆಯಲ್ಲಿ ಆಪರೇಷನ್ ಬೇಡ. ಯುವಕ ಸಂಘದಿಂದ ದುಡ್ಡು ಕೂಡಿಸಿದ್ದೀರಿ, ಡಾಕ್ಟರೊಬ್ಬರು ಬರಲು ಒಪ್ಪಿದ್ದಾರೆ ಎಂದು ಬರೆದಿದ್ದೀರಿ. ಇದೇ ಉತ್ಸಾಹದಿಂದ ಶಿಬಿರದ ಕೆಲಸಕ್ಕೆ ಇಳಿದವನು ನಾನು, ನಿಮ್ಮ ಕಳಕಳಿ ಅರ್ಥವಾಗುತ್ತದೆ. ಆದರೂ ಶಾಲೆಯಲ್ಲಿ ತಪಾಸಣೆ ಮಾತ್ರ ಮಾಡಿಸಿ, ಆಪರೇಷನ್ ಆಸ್ಪತ್ರೆಯಲ್ಲೇ ಆಗಲಿ. ಕೂಡಿಸಿದ ದುಡ್ಡನ್ನು ಬಸ್ಸಿಗೆ ಇಡಿ.

ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರದಲ್ಲೇ ಆಪರೇಷನ್ ಮಾಡುತ್ತಿರಲಿಲ್ಲವೇ ಎಂದು ಊರ ಹಿರಿಯರು ಕೇಳೇ ಕೇಳುತ್ತಾರೆ. ಮಾಡುತ್ತಿದ್ದರು, ಲಕ್ಷಾಂತರ ಜನಕ್ಕೆ ಕಣ್ಣು ಕೊಟ್ಟರು. ಹಳ್ಳಿಯವರ ಕೈಗೆಟಕುವಂತೆ ಕಣ್ಣಿನ ಆಸ್ಪತ್ರೆಗಳೇ ಇಲ್ಲದ ಕಾಲ ಅದು. ಪೊರೆ ತೆಗೆದು +10ರ ಆಸುಪಾಸಿನ ದಪ್ಪ ಕನ್ನಡಕ ಕೊಟ್ಟರೆ ಆಗ ಅದೇ ದೊಡ್ಡದು. ಈಗ ಕಣ್ಣಿನೊಳಗೆ ಲೆನ್ಸ್ ಕೂರಿಸುತ್ತಾರೆ. ಅದರ ನಂಬರ್ ಗೊತ್ತಾಗಬೇಕಾದರೆ ಕಣ್ಣಿನ ಮುಂಭಾಗದ ಬಾಗು ಅಳೆಯುವ ಕೆರಟೋಮೀಟರ್, ಕಣ್ಣಿನ ಉದ್ದ ಅಳೆಯುವ ಎ-ಸ್ಕ್ಯಾನ್ ಎರಡೂ ಬೇಕು. ದೊಡ್ಡವರ ಕಣ್ಣಿನ ಉದ್ದ ಸುಮಾರು 23 ಮಿ.ಮೀ. ಆ ಅಳತೆಯಲ್ಲಿ ಒಂದೇ ಮಿ.ಮೀ. ತಪ್ಪಿದರೂ ನಂಬರ್ 2.5ರಿಂದ 3ರಷ್ಟು ಆಚೀಚೆ ಆಗುತ್ತದೆ. ಪೊರೆ ಹೋದರೂ ಮಂಜು ಹೋಗುವುದಿಲ್ಲ.

ಅದಕ್ಕಿಂತ ದೊಡ್ಡ ಭಯ ಸೋಂಕಿನದು. ಕಣ್ಣಿನೊಳಗೆ ಬಿಡುವ ದ್ರವದ ಒಂದು ಬಾಟಲಿ ಕೆಟ್ಟಿದ್ದರೂ ಸಾಕು, ಉಪಕರಣಗಳನ್ನು ಹಬೆಯಲ್ಲಿ ಶುದ್ಧಮಾಡುವ ಆಟೋಕ್ಲೇವ್ ಸರಿಯಾಗಿ ಕಾಯದಿದ್ದರೂ ಸಾಕು, ಆ ದಿನ ಟೇಬಲ್ ಮೇಲೆ ಮಲಗಿದ ಎಷ್ಟೋ ಜನರ ಕಣ್ಣು ಒಟ್ಟಿಗೆ ಕೀವಾಗಬಹುದು. 2014ರಲ್ಲಿ ಪಂಜಾಬಿನ ಗುರುದಾಸಪುರ ಜಿಲ್ಲೆಯಲ್ಲಿ ನಡೆದ ಶಿಬಿರದ ನಂತರ ಹಲವರು ದೃಷ್ಟಿ ಕಳೆದುಕೊಂಡರು. ಆಸ್ಪತ್ರೆ ಆರಿಸುವಾಗ ಸಂಕೋಚಪಡದೆ ಎರಡು ಮಾತು ಕೇಳಿ: ಆಪರೇಷನ್‌ಗೆ ಮುಂಚೆ ಕಣ್ಣಿಗೆ 5% ಪೊವಿಡೋನ್ ಅಯೋಡಿನ್ ಎಂಬ ಸೋಂಕುನಾಶಕ ಹಾಕಿ ಮೂರು ನಿಮಿಷ ಬಿಡುತ್ತೀರಾ? ಮುಗಿದ ಮೇಲೆ ಕಣ್ಣಿನೊಳಗೆ ಆಂಟಿಬಯೋಟಿಕ್ ಕೊಡುತ್ತೀರಾ? ಒಳ್ಳೆಯ ಆಸ್ಪತ್ರೆಯವರು ಖುಷಿಯಿಂದಲೇ ಉತ್ತರಿಸುತ್ತಾರೆ.

ಇನ್ನು ಶಿಬಿರಗಳನ್ನು ಹಾಳುಮಾಡುವ ತಪ್ಪು. ತಪಾಸಣೆ ಚೆನ್ನಾಗಿಯೇ ನಡೆದಿರುತ್ತದೆ, ನಲವತ್ತು ಜನಕ್ಕೆ ಪೊರೆ ಸಿಕ್ಕಿರುತ್ತದೆ. ಕೈಗೆ ಚೀಟಿ ಕೊಟ್ಟು "ಮುಂದಿನ ವಾರ ಆಸ್ಪತ್ರೆಗೆ ಬನ್ನಿ" ಎಂದು ಮನೆಗೆ ಕಳಿಸಿಬಿಡುತ್ತಾರೆ. ಅಲ್ಲಿಗೆ ಕೆಲಸ ಕೆಟ್ಟ ಹಾಗೆಯೇ. ಜನಕ್ಕೆ ತಿಳಿವಳಿಕೆ ಇಲ್ಲ, ಹೆದರುತ್ತಾರೆ ಎಂದು ಸಂಘಟಕರು ದೂರುತ್ತಾರೆ. ನಾನು ಒಪ್ಪುವುದಿಲ್ಲ. ಕಣ್ಣು ಕಾಣದ ಅಜ್ಜಿ ಒಬ್ಬಳೇ ಬಸ್ ಹತ್ತುವುದು ಹೇಗೆ? ಗೊತ್ತಿಲ್ಲದ ಊರಲ್ಲಿ ಪಾಯಿಖಾನೆ ಎಲ್ಲಿದೆ ಎಂದು ತೋರಿಸಿ ಕೈ ಹಿಡಿದು ಕರೆದುಕೊಂಡು ಹೋಗಲು ಒಬ್ಬರು ಬೇಕು. ಮಗ ಹೋದರೆ ಅವನ ಕೂಲಿ ಹೋಯಿತು, ಸೊಸೆ ಹೋದರೆ ಮನೆಯ ಮಕ್ಕಳು, ದನಕರು ಯಾರಿಗೆ? ಸಂಜೆಯೊಳಗೆ ಪಕ್ಕದ ಮನೆಯವರು ಯಾರದೋ ಕಣ್ಣು ಹೋದ ಕಥೆ ಹೇಳುತ್ತಾರೆ. ಬೆಳಿಗ್ಗೆ ಹೂಂ ಎಂದಿದ್ದವಳು ರಾತ್ರಿ "ಇನ್ನೊಂದು ಕಣ್ಣು ಅಷ್ಟಿಷ್ಟು ಕಾಣ್ತದಲ್ಲ, ಸುಗ್ಗಿ ಮುಗೀಲಿ" ಅನ್ನುತ್ತಾಳೆ. ಚೀಟಿ ದೇವರ ಫೋಟೋ ಹಿಂದೆ ಹೋಗುತ್ತದೆ. ಆಪರೇಷನ್ ಉಚಿತವಾದರೂ ದಾರಿಖರ್ಚು, ಊಟ, ಜೊತೆಗೆ ಹೋದವರ ಕೂಲಿ ಉಚಿತವಲ್ಲ. ಎಷ್ಟೋ ಕುಟುಂಬ ನಿಂತುಬಿಡುವುದು ಇಲ್ಲೇ.

ಆದ್ದರಿಂದ ಬಸ್ಸು ಅದೇ ದಿನ ಶಾಲೆಯ ಗೇಟಿನಲ್ಲಿ ನಿಂತಿರಬೇಕು. ಮಧುರೈನಲ್ಲಿ ಡಾ. ಜಿ. ವೆಂಕಟಸ್ವಾಮಿಯವರು 1976ರಲ್ಲಿ 11 ಹಾಸಿಗೆಗಳಿಂದ ಶುರುಮಾಡಿದ ಅರವಿಂದ್ ಕಣ್ಣಿನ ಆಸ್ಪತ್ರೆ ಇದನ್ನೇ ಪದ್ಧತಿ ಮಾಡಿಕೊಂಡಿದೆ: ಹಳ್ಳಿಯಲ್ಲಿ ತಪಾಸಣೆ, ಪೊರೆ ಇದ್ದವರು ಅಂದೇ ಬಸ್ಸಿನಲ್ಲಿ ಆಸ್ಪತ್ರೆಗೆ, ಊಟ ವಸತಿ ಅಲ್ಲೇ, ವಾಪಸ್ ಊರಿಗೆ. ಆಶಾ ಕಾರ್ಯಕರ್ತೆಯರಿಂದ ವಾರ ಮುಂಚೆಯೇ ಮನೆಮನೆಗೆ ಹೇಳಿಸಿ: ಒಂದು ಜೊತೆ ಬಟ್ಟೆ, ದಿನಾ ನುಂಗುವ ಬಿಪಿ-ಶುಗರ್ ಮಾತ್ರೆ, ಆಧಾರ್ ಕಾರ್ಡ್ ಹಿಡಿದುಕೊಂಡೇ ಬರಲಿ. ಹತ್ತು ಜನಕ್ಕೊಬ್ಬರಂತೆ ನಿಮ್ಮ ಹುಡುಗರು, ಹುಡುಗಿಯರು ಜೊತೆಗೆ ಹೋಗಿ ರಾತ್ರಿ ಅಲ್ಲೇ ಉಳಿಯಲಿ.

ಬಿಪಿ, ಶುಗರ್ ಎರಡನ್ನೂ ಶಾಲೆಯಲ್ಲೇ ನೋಡಬೇಕು. ಆಸ್ಪತ್ರೆವರೆಗೆ ಹೋಗಿ ಶುಗರ್ ಜಾಸ್ತಿ ಎಂದು ಒಬ್ಬರು ಹಾಗೇ ವಾಪಸ್ ಬಂದರೆ ಮುಂದಿನ ಶಿಬಿರಕ್ಕೆ ಆ ಕೇರಿಯಿಂದ ಯಾರೂ ಬರುವುದಿಲ್ಲ.

ತಪಾಸಣೆಯಲ್ಲಿ ಅಕ್ಷರದ ಚಾರ್ಟ್‌ನ ದೂರವನ್ನು ಟೇಪಿನಲ್ಲೇ ಅಳೆಯಿರಿ, 6 ಮೀಟರ್. ಹೆಜ್ಜೆ ಲೆಕ್ಕ ಬೇಡ. ಕಣ್ಣನ್ನು ಅಂಗೈಯಿಂದ ಮುಚ್ಚಿಸಿ, ಬೆರಳಿಂದ ಮುಚ್ಚಿದರೆ ಸಂದಿಯಿಂದ ನೋಡುತ್ತಾರೆ. 6/18ರ ಸಾಲು (ಒಳ್ಳೆಯ ಕಣ್ಣಿಗೆ 18 ಮೀಟರ್ ದೂರದಿಂದಲೇ ಕಾಣುವ ಸಾಲು) ಕಾಣದಿದ್ದರೆ ಸೂಜಿರಂಧ್ರದ ತಟ್ಟೆಯಿಂದ, ಅಂದರೆ ನಡುವೆ ಸಣ್ಣ ತೂತಿರುವ ತಟ್ಟೆಯಿಂದ, ನೋಡಿಸಿ. ಅದರಲ್ಲಿ ಸ್ಪಷ್ಟವಾದರೆ ಬಹುತೇಕ ಕನ್ನಡಕ ಸಾಕಾಗುತ್ತದೆ. ಕಣ್ಣಿನ ಒಳಮೂಲೆಯನ್ನು, ಮೂಗಿನ ಪಕ್ಕ, ನೇತ್ರಾಧಿಕಾರಿಗಳು (ಕಣ್ಣಿನ ತಪಾಸಣೆಯ ತರಬೇತಿ ಪಡೆದ ಸಿಬ್ಬಂದಿ) ಬೆರಳಿಂದ ಒತ್ತಿ ನೋಡಲೇಬೇಕು. ಅಲ್ಲಿಂದ ಕೀವು ಉಕ್ಕಿದರೆ ಕಣ್ಣೀರಿನ ಚೀಲದಲ್ಲಿ ಸೋಂಕು ಇದೆ. ಅದು ವಾಸಿಯಾಗುವ ತನಕ ಪೊರೆಯನ್ನು ಮುಟ್ಟುವಂತಿಲ್ಲ. ಪೂರ್ತಿ ಬೆಳ್ಳಗಾದ ಪೊರೆಯಾದರೆ ಟಾರ್ಚನ್ನು ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಹಿಡಿದು "ಬೆಳಕು ಯಾವ ಕಡೆಯಿಂದ ಬರ್ತಿದೆ" ಎಂದು ಕೇಳುತ್ತಾರೆ. ಹೇಳಲಾಗದಿದ್ದರೆ ಕಣ್ಣಿನ ಹಿಂಭಾಗದ ಅಕ್ಷಿಪಟಲವೋ ನರವೋ ಕೆಟ್ಟಿರಬಹುದು. ಕಣ್ಣಿನ ನರ ಕೆಡಿಸುವ ಗ್ಲೊಕೋಮಾ ಕಾಯಿಲೆಯಲ್ಲಿ ಹೋದ ದೃಷ್ಟಿ ಯಾವ ಆಪರೇಷನ್‌ನಿಂದಲೂ ಮರಳದು. ಅದನ್ನು ಮನೆಯವರಿಗೆ ಅಲ್ಲೇ, ಮುಂಚೆಯೇ ತಿಳಿಸಿ.

ನಲವತ್ತು ದಾಟಿದವರಿಗೆ ಹತ್ತಿರದ ಕನ್ನಡಕ, +1ರಿಂದ +3ರವರೆಗೆ, ಸ್ಥಳದಲ್ಲೇ ಕೊಡಿ. ಅಕ್ಕಿ ಆರಿಸುವವರಿಗೆ, ಹೊಲಿಯುವವರಿಗೆ ಅವತ್ತೇ ಕೆಲಸಕ್ಕೆ ಬರುತ್ತದೆ.

ಆಪರೇಷನ್ ಖರ್ಚಿಗೆ ನೀವು ತಲೆ ಕೆಡಿಸಿಕೊಳ್ಳಬೇಡಿ. ಸರ್ಕಾರಿ ಜಿಲ್ಲಾ ಆಸ್ಪತ್ರೆಯಲ್ಲಿ ಉಚಿತ. ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಡಿ ಸೇವಾಸಂಸ್ಥೆಗಳ ಆಸ್ಪತ್ರೆಗಳಿಗೂ ಇಂತಿಷ್ಟು ಅನುದಾನ ಸಿಗುತ್ತದೆ. ಜಿಲ್ಲೆಯ ಅಂಧತ್ವ ನಿಯಂತ್ರಣ ಅಧಿಕಾರಿಯನ್ನು ಮೊದಲು ಕಂಡು, ಶಿಬಿರಕ್ಕೆ ಅನುಮತಿ ಪಡೆದು ಆಮೇಲೆ ದಿನ ಗೊತ್ತುಮಾಡಿ. ಬಿತ್ತನೆ, ಸುಗ್ಗಿ, ಜಾತ್ರೆ ಮೂರನ್ನೂ ತಪ್ಪಿಸಿ.

ಮನೆಗೆ ಬಂದವರಿಗೆ ನಾಲ್ಕರಿಂದ ಆರು ವಾರ ಡ್ರಾಪ್ಸ್ ಇರುತ್ತದೆ. ಮೊದಲ ವಾರ ದಿನಾ ಯಾರಾದರೂ ಹೋಗಿ ವಿಚಾರಿಸಿ. ನೋವು ಹೆಚ್ಚಾದರೆ, ಬಂದ ದೃಷ್ಟಿ ಮತ್ತೆ ಮಂಕಾದರೆ ಬೆಳಗಾಗುವವರೆಗೆ ಕಾಯದೆ ಆ ರಾತ್ರಿಯೇ ಗಾಡಿ ಮಾಡಿ ಆಸ್ಪತ್ರೆಗೆ ಕಳಿಸಿ, ಸೋಂಕಾಗಿದ್ದರೆ ಗಂಟೆಗಳ ಲೆಕ್ಕ. ಆರನೇ ವಾರ ಕನ್ನಡಕದ ನಂಬರ್ ನೋಡಲು ಮತ್ತೆ ಅದೇ ಶಾಲೆಗೆ ತಂಡ ಬರಬೇಕು. ಆ ಎರಡನೇ ದಿನಾಂಕವನ್ನೂ ಮೊದಲ ಕರಪತ್ರದಲ್ಲೇ ಅಚ್ಚು ಹಾಕಿಸಿ.