ಮಾಲ್ಟಾದಿಂದ ಒಂದೇ ದಿನದಲ್ಲಿ ಗೋಜೋ ದ್ವೀಪವನ್ನು ನೋಡಿ ಬಂದರೆ ಸಾಕೇ?

ಮ್ಯೂನಿಕ್‌ನಲ್ಲಿರುವ ನೀವು, ಮೇ ತಿಂಗಳಲ್ಲಿ ದಾವಣಗೆರೆಯಿಂದ ಬರಲಿರುವ ತಂದೆತಾಯಿಯರನ್ನು ಐದು ದಿನಗಳ ಮಟ್ಟಿಗೆ ಮೆಡಿಟರೇನಿಯನ್ ಕಡಲಿನ ದ್ವೀಪದೇಶ ಮಾಲ್ಟಾಕ್ಕೆ ಕರೆದೊಯ್ಯಬೇಕೆಂದಿದ್ದೀರಿ. ದೊಡ್ಡ ದ್ವೀಪದಲ್ಲಿ ಹೋಟೆಲು ಹಿಡಿದು, ಪಕ್ಕದ ಗೋಜೋವನ್ನು ಒಂದು ದಿನದಲ್ಲಿ ನೋಡಿ ಬಂದರೆ ಸಾಲದೇ ಎಂದು ಕೇಳಿದ್ದೀರಿ. ಸಾಲದು ಎಂಬುದೇ ನನ್ನ ಉತ್ತರ. ನಾಲ್ಕು ರಾತ್ರಿಗಳನ್ನೂ ಗೋಜೋದಲ್ಲಿಯೇ ಕಳೆಯಿರಿ. ಬೇಕೆನಿಸಿದರೆ ಒಂದು ಹಗಲನ್ನು ದೊಡ್ಡ ದ್ವೀಪದಲ್ಲಿರುವ ರಾಜಧಾನಿ ವಲೆಟ್ಟಾಕ್ಕೆ ಕೊಡಿ.

ಮೊದಲ ಸಲ ಹೋದಾಗ ನಾನೂ ನಿಮ್ಮಂತೆಯೇ ಯೋಚಿಸಿದ್ದೆ. ಗೋಜೋದ ವಿಸ್ತೀರ್ಣ ಕೇವಲ 67 ಚದರ ಕಿಲೋಮೀಟರ್, ಉದ್ದ ಸುಮಾರು 14 ಕಿಲೋಮೀಟರ್. ಇಷ್ಟು ಪುಟ್ಟ ದ್ವೀಪಕ್ಕೆ ಒಂದು ದಿನ ಧಾರಾಳವಾಯಿತು ಎನ್ನಿಸಿತ್ತು. ಗುಂಪು ಪ್ರವಾಸದ ಬಸ್ಸಿನಲ್ಲಿ ಬೆಳಿಗ್ಗೆ ಏಳಕ್ಕೆ ಹೊರಟು, ಬಂದರಿನಲ್ಲಿ ಸರದಿಗೆ ಕಾದು, ನಾಲ್ಕು ಕಡೆ ಅರ್ಧರ್ಧ ಗಂಟೆ ಇಳಿದು ಹತ್ತಿ, ಸಂಜೆ ಮರಳುವ ದೋಣಿಯಲ್ಲಿ ಕುಳಿತಾಗ ನೆನಪಿನಲ್ಲಿ ಉಳಿದದ್ದು ವಾಹನ ನಿಲ್ದಾಣಗಳು ಮಾತ್ರ. ಎರಡು ವರ್ಷಗಳ ನಂತರ ಮತ್ತೆ ಹೋಗಿ ಐದು ರಾತ್ರಿ ಉಳಿದಾಗ, ದಿನದ ಪ್ರವಾಸಿಗರು ಮರಳಿದ ಬಳಿಕದ ಸಂಜೆ ಮತ್ತು ಅವರು ಬಂದಿಳಿಯುವ ಮುಂಚಿನ ಬೆಳಗು, ಇವೆರಡೇ ಆ ದ್ವೀಪದ ನಿಜವಾದ ಹೊತ್ತುಗಳೆಂದು ತಿಳಿಯಿತು. ಮೊದಲ ಪ್ರವಾಸದಲ್ಲಿ ಅವೆರಡೂ ನನ್ನ ಕೈತಪ್ಪಿದ್ದವು.

ಇನ್ನೊಂದು ಕಾರಣ ಗಾಳಿ. ನಾನು ಉತ್ತರ ಕನ್ನಡದ ಕರಾವಳಿಯವನಾದ್ದರಿಂದ ಕಡಲನ್ನು ಭರತ ಇಳಿತಗಳ ಲೆಕ್ಕದಲ್ಲಿಯೇ ನೋಡಿ ಬೆಳೆದವನು. ಗೋಜೋದಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಮೆಡಿಟರೇನಿಯನ್ನಿನ ಆ ಭಾಗದಲ್ಲಿ ಭರತ ಇಳಿತಗಳ ಅಂತರ ಒಂದು ಗೇಣಿನಷ್ಟಿದ್ದರೆ ಹೆಚ್ಚು. ಇಂದು ಯಾವ ತೀರಕ್ಕೆ ಹೋಗಬಹುದು, ಯಾವುದಕ್ಕೆ ಹೋಗಬಾರದು ಎಂಬುದನ್ನೆಲ್ಲ ಗಾಳಿಯೇ ತೀರ್ಮಾನಿಸುತ್ತದೆ. ವಾಯವ್ಯದಿಂದ ಬೀಸುವ ಗಾಳಿಯನ್ನು ಅಲ್ಲಿಯ ಜನ ಮಜ್ಜಿಸ್ಟ್ರಾಲ್ ಎನ್ನುತ್ತಾರೆ. ಅದು ಎದ್ದ ದಿನ ಉತ್ತರದ ರಾಮ್ಲಾ ಮತ್ತು ಮಾರ್ಸಾಲ್ಫೋರ್ನ್ ಕಡೆ ಅಲೆಗಳು ಅಪ್ಪಳಿಸುತ್ತಿದ್ದರೆ, ದಕ್ಷಿಣದಲ್ಲಿ ಎರಡು ಬಂಡೆಗಳ ನಡುವೆ ಒಳಚಾಚಿಕೊಂಡಿರುವ ಇಮ್ಜಾರ್ ಇಶ್ಶಿನಿ ಎಂಬ ಸಣ್ಣ ಕೊಲ್ಲಿಯಲ್ಲಿ ನೀರು ಕೊಳದಂತೆ ನಿಂತಿರುತ್ತದೆ. ಆಫ್ರಿಕಾದ ಕಡೆಯಿಂದ ಬರುವ ಶ್ಲೋಕ್ ಎಂಬ ಬಿಸಿಗಾಳಿಯ ದಿನ ಇದು ಪೂರ್ತಿ ತಿರುಗುಮುರುಗಾಗುತ್ತದೆ. ಆದ್ದರಿಂದ ಸೋಮವಾರ ಇಲ್ಲಿ, ಮಂಗಳವಾರ ಅಲ್ಲಿ ಎಂದು ಮುಂಚಿತವಾಗಿ ಬರೆದಿಟ್ಟುಕೊಳ್ಳಬೇಡಿ; ಹಿಂದಿನ ರಾತ್ರಿ ಗಾಳಿಯ ದಿಕ್ಕನ್ನು ನೋಡಿ ಮರುದಿನವನ್ನು ನಿರ್ಧರಿಸಿ. ಒಂದೇ ದಿನಕ್ಕೆ ಹೋದವರಿಗೆ ಹೀಗೆ ಆರಿಸಿಕೊಳ್ಳುವ ಅವಕಾಶವೇ ಇರುವುದಿಲ್ಲ.

ಮಾರ್ಸಾಲ್ಫೋರ್ನ್ ಪಕ್ಕದ ಶ್ವೈನಿಯ ಉಪ್ಪಿನ ಅಗರಗಳ ಬಳಿ ಈ ಮಾತು ನನಗೆ ಇನ್ನಷ್ಟು ಸ್ಪಷ್ಟವಾಯಿತು. ಗೋಕರ್ಣದ ಬಳಿಯ ಸಾಣಿಕಟ್ಟೆಯಲ್ಲಿ ಭರತದ ನೀರನ್ನು ಒಳಬಿಟ್ಟು, ಮಣ್ಣಿನ ಬದುಗಳ ನಡುವೆ ನಿಲ್ಲಿಸಿ ಉಪ್ಪು ತೆಗೆಯುವುದನ್ನು ನಾನು ಚಿಕ್ಕಂದಿನಿಂದ ಕಂಡಿದ್ದೇನೆ. ಶ್ವೈನಿಯಲ್ಲಿ ಮಣ್ಣೂ ಇಲ್ಲ, ಭರತವೂ ಇಲ್ಲ. ತೀರದ ಹಳದಿ ಸುಣ್ಣಕಲ್ಲಿನಲ್ಲಿಯೇ ನೂರಾರು ಚೌಕಗಳನ್ನು ಕೊರೆದಿದ್ದಾರೆ. ಅಲೆ ಎರಚಿದ ಅಥವಾ ಜನ ತುಂಬಿಸಿದ ನೀರು ಬೇಸಿಗೆಯ ಬಿಸಿಲಿಗೆ ಆರಿ ಉಪ್ಪಾಗುತ್ತದೆ, ಕೆಲವು ಕುಟುಂಬಗಳು ಇಂದಿಗೂ ಅದನ್ನು ಗುಡಿಸಿ ತೆಗೆದು ಮಾರುತ್ತವೆ. ಸೂರ್ಯ ಇಳಿಯುವ ಹೊತ್ತಿಗೆ ಅಲ್ಲಿರಿ. ಚೌಕಗಳ ಬದುಗಳ ಮೇಲೆ ಮಾತ್ರ ಕಾಲಿಡಬೇಡಿ, ಅದು ಅವರ ದುಡಿಮೆಯ ಜಾಗ.

ಇನ್ನು ಕಾಗದಪತ್ರಗಳ ವಿಷಯ. ಮಾಲ್ಟಾ 2007ರಿಂದ ಶೆಂಗೆನ್ ವಲಯದಲ್ಲಿದೆ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಕೂಟ), 2008ರಿಂದ ಯೂರೋ ಬಳಸುತ್ತಿದೆ. ನಿಮ್ಮ ತಂದೆತಾಯಿಯರಿಗೆ ಜರ್ಮನಿ ಕೊಡುವ ಶೆಂಗೆನ್ ವೀಸಾದಲ್ಲಿ ಒಂದೇ ಪ್ರವೇಶಕ್ಕೆ ಅನುಮತಿ ಇದ್ದರೂ, ಮ್ಯೂನಿಕ್‌ನಿಂದ ನೇರವಾಗಿ ಮಾಲ್ಟಾಕ್ಕೆ ಹೋಗಿ ಮರಳುವುದರಿಂದ ವಲಯವನ್ನು ಬಿಟ್ಟು ಹೊರಹೋದಂತಾಗುವುದಿಲ್ಲ. ವೀಸಾದಲ್ಲಿ ನಮೂದಿಸಿದ ದಿನಗಳ ಒಳಗೆ ಪ್ರವಾಸ ಮುಗಿಯುವಂತೆ ನೋಡಿಕೊಳ್ಳಿ, ಪಾಸ್‌ಪೋರ್ಟುಗಳನ್ನೂ ನಿಮ್ಮ ನಿವಾಸ ಪರವಾನಗಿಯನ್ನೂ ಜೊತೆಗಿರಿಸಿಕೊಳ್ಳಿ. ವೀಸಾಕ್ಕಾಗಿ ಮಾಡಿಸುವ 30,000 ಯೂರೋ ಮೊತ್ತದ ಆರೋಗ್ಯ ವಿಮೆಯ ಅವಧಿಯೂ ಈ ದಿನಗಳನ್ನು ಒಳಗೊಂಡಿರಲಿ.

ವಿಮಾನ ನಿಲ್ದಾಣ ಇರುವುದು ದೊಡ್ಡ ದ್ವೀಪದಲ್ಲಿ. ವಾಹನಗಳನ್ನೂ ಸಾಗಿಸುವ ದೊಡ್ಡ ಹಡಗು ಹೊರಡುವುದು ಆ ದ್ವೀಪದ ಇನ್ನೊಂದು ತುದಿಯ ಚಿರ್ಕೆವ್ವಾದಿಂದ. ಗೋಜೋದ ಇಮ್ಜಾರ್ ಬಂದರನ್ನು ತಲುಪಲು ಅದಕ್ಕೆ ಸುಮಾರು 25 ನಿಮಿಷ ಬೇಕು. ಹೋಗುವಾಗ ಟಿಕೆಟ್ ಕೇಳುವುದಿಲ್ಲ, ಗೋಜೋದಿಂದ ಮರಳುವಾಗ ಹಣ ಕೊಡುವ ಪದ್ಧತಿ. ವಲೆಟ್ಟಾದಿಂದ ಜನರನ್ನಷ್ಟೇ ಒಯ್ಯುವ ವೇಗದ ದೋಣಿಯೂ ಇದ್ದು, ಅದು ಮುಕ್ಕಾಲು ಗಂಟೆಯಲ್ಲಿ ತಲುಪಿಸುತ್ತದೆ. ಆದರೆ ಕಡಲು ಕೆರಳಿದಾಗ ಮೊದಲು ನಿಲ್ಲುವುದು ಅದೇ. ವಯಸ್ಸಾದವರೊಂದಿಗೆ, ಸಾಮಾನುಗಳೊಂದಿಗೆ ಹೋಗುವಾಗ ವಿಮಾನ ನಿಲ್ದಾಣದಿಂದ ಟ್ಯಾಕ್ಸಿಯಲ್ಲಿ ಚಿರ್ಕೆವ್ವಾಕ್ಕೆ ಹೋಗಿ ದೊಡ್ಡ ಹಡಗನ್ನೇ ಹತ್ತುವುದು ಒಳ್ಳೆಯದು.

ಉಳಿಯಲು ನಾನು ಹೇಳುವ ಊರು ಶಾರಾ. ನಕ್ಷೆಯಲ್ಲಿ ಇದರ ಹೆಸರು ಎಕ್ಸ್ ಅಕ್ಷರದಿಂದ ಆರಂಭವಾಗುತ್ತದೆ. ಮಾಲ್ಟೀಸ್ ಭಾಷೆಯಲ್ಲಿ ಆ ಅಕ್ಷರವನ್ನು ಶಕಾರವಾಗಿ ಓದಬೇಕೆಂಬುದು ನೆನಪಿದ್ದರೆ ಬಸ್ಸಿನಲ್ಲಿ ಊರು ಕೇಳುವುದು ಸುಲಭ. ಲ್ಯಾಟಿನ್ ಲಿಪಿಯಲ್ಲಿ ಬರೆದರೂ ಅದು ಅರಬ್ಬಿಯ ಬಳಗಕ್ಕೆ ಸೇರಿದ ಭಾಷೆ. ಅವರು ಜಗತ್ತಿಗೆ ದಿನ್ಯಾ, ಪುಸ್ತಕಕ್ಕೆ ಕ್ತೀಬ್ ಎನ್ನುವುದನ್ನು ಕೇಳಿದಾಗ, ನಮ್ಮಲ್ಲಿಗೂ ಬಂದು ಸೇರಿಕೊಂಡಿರುವ ದುನಿಯಾ, ಕಿತಾಬುಗಳನ್ನು ನಿಮ್ಮ ತಂದೆಯವರು ಕೂಡಲೇ ಗುರುತಿಸುತ್ತಾರೆ. ಇಂಗ್ಲಿಷ್ ಕೂಡ ಅಧಿಕೃತ ಭಾಷೆಯಾದ್ದರಿಂದ ಮಾತಿಗೆ ತೊಂದರೆಯಿಲ್ಲ. 1964ರವರೆಗೆ ಬ್ರಿಟಿಷರ ಆಳ್ವಿಕೆಯಿದ್ದ ಕಾರಣ ವಾಹನಗಳು ನಮ್ಮಲ್ಲಿಯಂತೆ ಎಡಬದಿಯಲ್ಲಿಯೇ ಓಡುತ್ತವೆ. ಎರಡು ದಿನದ ಮಟ್ಟಿಗೆ ಒಂದು ಸಣ್ಣ ಕಾರನ್ನು ಬಾಡಿಗೆಗೆ ಪಡೆದರೆ ತಂದೆತಾಯಿಯರಿಗೆ ಸುಖ. ಬಸ್ಸುಗಳಿವೆ, ಆದರೆ ಬಹುಪಾಲು ವಿಕ್ಟೋರಿಯಾ ಪಟ್ಟಣದ ಮೂಲಕವೇ ಹೋಗುವುದರಿಂದ ಒಂದು ತೀರದಿಂದ ಪಕ್ಕದ ತೀರಕ್ಕೂ ನಡುವೆ ಇಳಿದು ಕಾಯಬೇಕಾಗುತ್ತದೆ.

ಶಾರಾದ ಚೌಕದಿಂದ ನಡೆದೇ ಹೋಗುವಷ್ಟು ಹತ್ತಿರದಲ್ಲಿ ಜಗಾಂತಿಯಾದ ಎರಡು ಕಲ್ಲಿನ ದೇಗುಲಗಳಿವೆ. ಕ್ರಿ.ಪೂ. 3600ರಷ್ಟು ಹಿಂದೆಯೇ ಕಟ್ಟಲು ತೊಡಗಿದ ಇವು ಈಜಿಪ್ಟಿನ ಪಿರಮಿಡ್ಡುಗಳಿಗಿಂತ ಹಳೆಯವು. 1980ರಿಂದ ಯುನೆಸ್ಕೋ ಪಟ್ಟಿಯಲ್ಲಿವೆ. ಬಾಗಿಲು ತೆರೆದ ಕೂಡಲೇ ಹೋಗಿ. ಜನ ಸೇರುವ ಮುನ್ನ ಆ ಬಂಡೆಗಳ ನಡುವೆ ನಿಂತರೆ, ಇವನ್ನು ಒಬ್ಬ ದೈತ್ಯ ಹೆಂಗಸು ಮಗುವನ್ನು ಎತ್ತಿಕೊಂಡೇ ಕಟ್ಟಿದಳೆಂದು ಊರವರು ಹೇಳಿಕೊಂಡು ಬಂದದ್ದೇಕೆ ಎಂದು ಅರ್ಥವಾಗುತ್ತದೆ.

ವಿಕ್ಟೋರಿಯಾದ ಕೋಟೆಗೆ ಒಂದು ಸಂಜೆಯನ್ನು ಮೀಸಲಿಡಿ. 1551ರಲ್ಲಿ ಒಟ್ಟೋಮನ್ ಪಡೆ ಈ ಕೋಟೆಯನ್ನು ಗೆದ್ದು, ದ್ವೀಪದ ಸುಮಾರು 5,000 ಜನರನ್ನು, ಎಂದರೆ ಹೆಚ್ಚುಕಡಿಮೆ ಎಲ್ಲರನ್ನೂ, ಗುಲಾಮರನ್ನಾಗಿ ಕೊಂಡೊಯ್ದಿತು. ಆ ಕೋಟೆಗೋಡೆಯ ಮೇಲೆ ನಿಂತಾಗ ನಾಲ್ಕೂ ದಿಕ್ಕಿಗೆ ಕಡಲು ಕಾಣುತ್ತದೆ. ಅಷ್ಟು ದೂರದಿಂದ ಹಡಗುಗಳನ್ನು ಕಂಡೂ ಓಡಲು ಜಾಗವಿಲ್ಲದ ಜನರ ನೆನಪು ನನ್ನನ್ನು ಬಹಳ ಹೊತ್ತು ಬಿಡಲಿಲ್ಲ. ಒಳಗಿನ ಕೆಥೆಡ್ರಲ್‌ನ ಗುಮ್ಮಟವನ್ನು ತಾಯಿಯವರಿಗೆ ತಪ್ಪದೆ ತೋರಿಸಿ: ಅದು ಗುಮ್ಮಟವಲ್ಲ, ಸಪಾಟಾದ ಮಾಳಿಗೆಯ ಮೇಲೆ ಬರೆದ ಚಿತ್ರ. ಕೋಟೆಯಲ್ಲಿ ಏರು ಹಾದಿಗಳೂ ಮೆಟ್ಟಿಲುಗಳೂ ಇವೆ, ಮಂಡಿನೋವಿದ್ದವರು ನಿಧಾನವಾಗಿ ಹತ್ತಬೇಕು.

ಘರ್ಬ್ ಊರಿನ ಬಳಿ ಬಯಲಿನಲ್ಲಿ ಒಂಟಿಯಾಗಿ ನಿಂತಿರುವ ತಾ ಪಿನು ಚರ್ಚನ್ನು ಪ್ರವಾಸಿಗರು ಹೊರಗಿನಿಂದ ಚಿತ್ರ ತೆಗೆದು ಹೊರಟುಬಿಡುತ್ತಾರೆ. ನೀವು ಒಳಗೆ ಹೋಗಿ, ಪಕ್ಕದ ಕೋಣೆಗಳನ್ನು ನೋಡಿ. 1883ರಲ್ಲಿ ಕಾರ್ಮ್ನಿ ಗ್ರೀಮಾ ಎಂಬ ಹಳ್ಳಿಯ ಹೆಂಗಸಿಗೆ ಇಲ್ಲಿ ದೇವಿಯ ಕರೆ ಕೇಳಿಸಿತೆಂದು ನಂಬುವ ಜನ, ಕಾಯಿಲೆ ವಾಸಿಯಾದಾಗ, ಮಗು ಉಳಿದಾಗ ತಂದೊಪ್ಪಿಸಿದ ಕೂಸಿನ ಅಂಗಿಗಳು, ಊರುಗೋಲುಗಳು, ಚಿತ್ರಗಳು ಗೋಡೆಯ ತುಂಬ ಇವೆ. ಹರಕೆ ಎಂದರೇನೆಂದು ನಿಮ್ಮ ತಾಯಿಯವರಿಗೆ ಯಾರೂ ವಿವರಿಸಬೇಕಾಗಿಲ್ಲ.

ಪಶ್ಚಿಮ ತುದಿಯ ದ್ವೈರಾದಲ್ಲಿ ಬಂಡೆಯ ಮಹಾ ಕಮಾನನ್ನು ಹುಡುಕಬೇಡಿ. ಹಳೆಯ ಚಿತ್ರಗಳಲ್ಲಿ ಈಗಲೂ ಕಾಣುವ ಆ ಕಮಾನು 2017ರ ಮಾರ್ಚ್ 8ರಂದು ಬಿರುಗಾಳಿಗೆ ಕುಸಿದುಬಿತ್ತು. ಹಾಗೆಂದು ದ್ವೈರಾವನ್ನು ಬಿಡಬೇಕಿಲ್ಲ. ಬಂಡೆಯ ಸುರಂಗದ ಮೂಲಕ ಕಡಲಿಗೆ ಸೇರಿಕೊಂಡ ಒಳಗೊಳವೊಂದಿದೆ, ಗಾಳಿ ಶಾಂತವಾಗಿದ್ದ ದಿನ ಸಣ್ಣ ದೋಣಿಗಳು ಅದರೊಳಗಿನಿಂದ ಹಾಯಿಸಿ ಹೊರಕಡಲನ್ನು ತೋರಿಸುತ್ತವೆ. ಈಜಿನ ವಿಷಯದಲ್ಲಿ ಹೆಚ್ಚು ನಿರೀಕ್ಷೆ ಬೇಡ. ಮೇ ತಿಂಗಳಲ್ಲಿ ನೀರು 20 ಡಿಗ್ರಿಯ ಆಸುಪಾಸಿನಲ್ಲಿದ್ದು, ನಮ್ಮ ಕಡಲಿಗೆ ಒಗ್ಗಿದವರಿಗೆ ಚಳಿ ಹಿಡಿಸುತ್ತದೆ. ರಾಮ್ಲಾದ ಕೆಂಪು ಮರಳಿನಲ್ಲಿ ಕುಳಿತರೂ ಹೊತ್ತು ಹೋಗುತ್ತದೆ.

ತಂದೆತಾಯಿಯರು ಸಸ್ಯಾಹಾರಿಗಳು ಎಂದಿದ್ದೀರಿ. ಮೊಲದ ಮಾಂಸವೂ ಮೀನೂ ಪ್ರಧಾನವಾದ ಊರಿನಲ್ಲಿ ಇದಕ್ಕೆ ಸಿದ್ಧತೆ ಬೇಕು, ಆದ್ದರಿಂದ ಅಡುಗೆಮನೆಯಿರುವ ವಸತಿಯನ್ನೇ ಹಿಡಿಯಿರಿ. ಅಕ್ಕಿ, ತರಕಾರಿ ವಿಕ್ಟೋರಿಯಾದಲ್ಲಿ ಸಿಗುತ್ತವೆ, ಸಾರಿನ ಪುಡಿಯನ್ನು ಒಯ್ಯಿರಿ. ಆಲೂಗಡ್ಡೆಯ ಬಿಲ್ಲೆಗಳನ್ನು ಹರಡಿ ಕಟ್ಟಿಗೆಯ ಒಲೆಯಲ್ಲಿ ಸುಡುವ ಗೋಜೋದ ಫ್ತೀರಾ ರೊಟ್ಟಿಯನ್ನು ಬೇಕರಿಯಿಂದ ಬಿಸಿಯಾಗಿ ತನ್ನಿ, ಮೀನು ಹಾಕಬಾರದೆಂದು ಮುಂಚೆಯೇ ಹೇಳಬೇಕು. ಕುರಿಹಾಲಿನ ಪುಟ್ಟ ಗಿಣ್ಣು ಜ್ಬೈನಾ ಬಹಳ ರುಚಿ. ಆದರೆ ಅದನ್ನು ಹೆಪ್ಪುಗಟ್ಟಿಸಲು ಸಾಮಾನ್ಯವಾಗಿ ಪ್ರಾಣಿಜನ್ಯ ರೆನೆಟ್ ಬಳಸುತ್ತಾರೆಂಬುದನ್ನು ಅವರಿಗೆ ತಿಳಿಸಿ, ತಿನ್ನುವುದು ಬಿಡುವುದು ಅವರಿಗೇ ಬಿಡಿ.

ಕೊನೆಯ ದಿನ ಮಧ್ಯಾಹ್ನ ಕಳೆದ ಮೇಲಿನ ವಿಮಾನವನ್ನೇ ಆರಿಸಿಕೊಳ್ಳಿ. ಆಗ ಬೆಳಗಿನ ತಿಂಡಿ ಮುಗಿಸಿ ಹೊರಟರೂ ಹಡಗಿಗೆ, ಅಲ್ಲಿಂದ ಒಂದು ಗಂಟೆಯಷ್ಟಾದರೂ ಹಿಡಿಯುವ ರಸ್ತೆಗೆ ಸಾಕಷ್ಟು ಸಮಯವಿರುತ್ತದೆ, ಗಾಳಿ ಎದ್ದು ಸರದಿ ಉದ್ದವಾದರೂ ತಂದೆತಾಯಿಯರನ್ನು ಓಡಿಸಬೇಕಾಗುವುದಿಲ್ಲ.